ದೋಷ ಹುಡುಕುವ ಉಪಕರಣಕ್ಕೇ ದೋಷ ಬಂದಾಗ

ಮಿತ್ರರೇ, ಕಾಮರ್ಸ್ ಓದುವವನಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಆರಂಭ ಶಿಲ್ಕು ಬರೆಯದೆ ಮೊದಲ ವೋಚರ್ ಹಾಕಿದರೆ ಲೆಕ್ಕದ ಪುಸ್ತಕದ ಗತಿ ಏನಾಗುತ್ತದೆಂದು ಬಲ್ಲವನಿಗೆ ಈ ವಿಷಯ ಅರ್ಧ ಗೊತ್ತಿದ್ದಂತೆಯೇ. ಉಳಿದರ್ಧ ಹೇಳುತ್ತೇನೆ.

ಪ್ರೋಗ್ರಾಮಿನೊಳಗಿನ ತಪ್ಪಿಗೆ ‘ಬಗ್’ ಅಂತಾರೆ. ಅದನ್ನು ಹುಡುಕುವ ಉಪಕರಣ ‘ಡಿಬಗರ್’. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಈಗ ಯಾವ ಸಾಲಿನಲ್ಲಿದ್ದೀಯ, ಲೆಕ್ಕ ಎಷ್ಟಕ್ಕೆ ಬಂತು ಎಂದು ಅದು ವಿಚಾರಿಸುತ್ತದೆ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇಂಥದ್ದು. ಪ್ರೋಗ್ರಾಮ್ ಬೇರೆ ಯಂತ್ರದಲ್ಲಿದ್ದರೆ, ಅಲ್ಲಿ ಜಿಡಿಬಿಸರ್ವರ್ ಎಂಬ ಪುಟ್ಟ ಜೊತೆಗಾರನನ್ನು ಕೂರಿಸಿ ನೆಟ್‌ವರ್ಕ್ ಮೂಲಕ ಇಲ್ಲಿಂದಲೇ ವಿಚಾರಿಸಬಹುದು. ಇದೇ ರಿಮೋಟ್ ಡಿಬಗಿಂಗ್.

ದಿವಾದಲ್ಲಿ ನಮ್ಮ ಚಾಳಿನ ಹುಡುಗನೊಬ್ಬ ಡಿಪ್ಲೊಮಾ ಪ್ರಾಜೆಕ್ಟಿಗೆಂದು ಇಂಥದೇ ಸಣ್ಣ ಉಪಕರಣ ಬರೆದಿದ್ದ. ಲಿನಕ್ಸ್ ಯಂತ್ರದಲ್ಲಿ ಸರಾಗವಾಗಿ ಓಡಿತು. ಮನೆಯ ವಿಂಡೋಸ್‌ನಲ್ಲಿ ಮಾತ್ರ ‘ಸಂಪರ್ಕ ಆಗಲಿಲ್ಲ, ಕಾರಣ: ದೋಷವಿಲ್ಲ’ ಎಂಬ ಅರ್ಥದ ವಿಚಿತ್ರ ಇಂಗ್ಲಿಷ್ ಉತ್ತರ! ಪಾಪ, ವೈಫೈ ಬದಲಿಸಿದ, ಫೈರ್‌ವಾಲ್ ತೆಗೆದ. ಕೊನೆಗೆ, “ಬಿಡೋ ಮಾರಾಯ, ಇದೆಲ್ಲ ಕನ್ನಡ ಮೀಡಿಯಂನವರಿಗೆ ಹೇಳಿದ್ದಲ್ಲ” ಎಂದುಬಿಟ್ಟ. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ನನಗೂ ಆ ಮಾತು ಚುಚ್ಚಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಮೈಕ್ರೋಸಾಫ್ಟಿನ ಕೈಪಿಡಿ ಓದಲು ಕೂತೆವು.

ಒಂದೇ ಪ್ರೋಗ್ರಾಮ್ ಒಂದು ಕಡೆ ಓಡಿ ಇನ್ನೊಂದು ಕಡೆ ನಿಲ್ಲುವುದು ನಮ್ಮ ಲೈನಿನವರಿಗೆ ಹೊಸದಲ್ಲ. ಮುಂಬಯಿ ಲೋಕಲ್ ಹಳಿಗಳ ಮೇಲಿನ ತಂತಿಯಲ್ಲಿ ಹಿಂದೆ 1500 ವೋಲ್ಟ್ ಡಿಸಿ ಇತ್ತು. ದೇಶದ ಬೇರೆಡೆ 25,000 ವೋಲ್ಟ್ ಎಸಿ. 2016ರಲ್ಲಿ ಹಾರ್ಬರ್ ಮಾರ್ಗವೂ ಎಸಿಗೆ ಬದಲಾದ ಮೇಲೆ ಡಿಸಿ ಕಾಲ ಮುಗಿಯಿತು. ಅಲ್ಲಿಯವರೆಗೆ ಎರಡರಲ್ಲೂ ಓಡಬಲ್ಲ ಇಂಜಿನ್ ಕೂಡ ಗಡಿ ದಾಟುವಾಗ ತನ್ನ ವ್ಯವಸ್ಥೆ ಬದಲಿಸಿಕೊಳ್ಳಲೇಬೇಕಿತ್ತು.

ಕಂಪ್ಯೂಟರಿನ ಗಡಿ ಯಾವುದು? ನೆಟ್‌ವರ್ಕ್ ಮಾತುಕತೆಯ ತುದಿಗೆ ‘ಸಾಕೆಟ್’ ಎನ್ನುತ್ತಾರೆ. 1983ರ ಬರ್ಕ್ಲಿ ಯುನಿಕ್ಸಿನಲ್ಲಿ ಅದು ಕಾರ್ಯವ್ಯವಸ್ಥೆಯ ಅಂಗವಾಗಿಯೇ ಬಂತು. ಲಿನಕ್ಸಿನದೂ ಅದೇ ಪದ್ಧತಿ, ಕೇಳಿದೊಡನೆ ಸಿಗುತ್ತದೆ. ವಿಂಡೋಸ್‌ಗೆ ಮೊದಮೊದಲು ನೆಟ್‌ವರ್ಕ್ ತಂತ್ರಾಂಶವನ್ನು ಬೇರೆ ಬೇರೆ ಕಂಪನಿಗಳು ಮಾರುತ್ತಿದ್ದವು. ಎಲ್ಲಕ್ಕೂ ಒಂದೇ ಕ್ರಮ ಇರಲೆಂದು 1992-93ರಲ್ಲಿ ‘ವಿನ್‌ಸಾಕ್’ ರೂಪುಗೊಂಡಿತು. ಅದರ ನಿಯಮ ಹೀಗೆ: ಪ್ರೋಗ್ರಾಮ್ ಮೊದಲು ‘ಡಬ್ಲ್ಯುಎಸ್‌ಎ ಸ್ಟಾರ್ಟಪ್’ ಎಂದು ಕರೆದು, ತನಗೆ ಯಾವ ಆವೃತ್ತಿ ಬೇಕೆಂದು ತಿಳಿಸಬೇಕು, ಈಗ ಸಾಮಾನ್ಯವಾಗಿ 2.2. ತಿಳಿಸದೆ ಸಾಕೆಟ್ ಕೇಳಿದರೆ ದೋಷ ಸಂಖ್ಯೆ 10093. ಅದರರ್ಥ, ‘ಇನ್ನೂ ಆರಂಭವೇ ಆಗಿಲ್ಲ’. ನಮ್ಮ ಆರಂಭ ಶಿಲ್ಕಿನ ಕತೆಯೇ!

ಹಾಗಾದರೆ ‘ದೋಷವಿಲ್ಲ’ ಎಂದದ್ದೇಕೆ? ಲಿನಕ್ಸ್ ದೋಷದ ಸಂಖ್ಯೆಯನ್ನು ‘ಎರ್‌ನೋ’ ಎಂಬಲ್ಲಿ ಇಡುತ್ತದೆ. ವಿನ್‌ಸಾಕ್ ಅಲ್ಲಿಡುವುದಿಲ್ಲ, ‘ಡಬ್ಲ್ಯುಎಸ್‌ಎ ಗೆಟ್‌ಲಾಸ್ಟ್‌ಎರರ್’ ಎಂದು ಬೇರೆಯಾಗಿ ಕೇಳಬೇಕು. ಅವನ ಉಪಕರಣ ಖಾಲಿ ಡಬ್ಬಿ ತೆರೆದು ನೋಡಿ ‘ಏನೂ ಇಲ್ಲ’ ಎಂದಿತ್ತು, ಅಷ್ಟೆ.

ರಿಪೇರಿ ದೊಡ್ಡದೇನಲ್ಲ. ವಿಂಡೋಸ್‌ಗೆ ತಯಾರಿಸುವಾಗ ಮಾತ್ರ ಸೇರುವಂತೆ ಷರತ್ತು ಹಾಕಿ, ಪ್ರೋಗ್ರಾಮಿನ ಆರಂಭದಲ್ಲೇ, ಇನ್ನೊಂದು ಯಂತ್ರದ ಹೆಸರು ಹುಡುಕುವುದಕ್ಕೂ ಮುಂಚೆ, ಆ ಕರೆ ಸೇರಿಸಿದೆವು. ಉತ್ತರ ಸೊನ್ನೆ ಬಂದರೆ ಮಾತ್ರ ಮುಂದೆ ಹೋಗಬೇಕು. ಮುಗಿಸುವಾಗ ‘ಡಬ್ಲ್ಯುಎಸ್‌ಎ ಕ್ಲೀನಪ್’. ಎಷ್ಟು ಸಲ ತೆರೆದಿದ್ದೀರೋ ಅಷ್ಟು ಸಲ ಮುಚ್ಚಬೇಕು. ದೋಷ ಕೇಳುವ ಜಾಗವನ್ನೂ ಸರಿಪಡಿಸಿ, ಎರಡೂ ಯಂತ್ರಗಳಲ್ಲಿ ಓಡಿಸಿ ನೋಡಿದೆವು. ಎರಡರಲ್ಲೂ ಸಂಪರ್ಕ ಸಿಕ್ಕಿತು. ‘ನನ್ನಲ್ಲಿ ಓಡುತ್ತೆ’ ಅನ್ನೋದು ಅರ್ಧ ಪರೀಕ್ಷೆ ಮಾತ್ರ.

ಆದ್ದರಿಂದ ಮಿತ್ರರೇ, ಯಂತ್ರ ತಾನು ನಿಂತುಬಿಟ್ಟು ‘ದೋಷವಿಲ್ಲ’ ಎಂದರೆ ನಿಮ್ಮ ಮೀಡಿಯಂ ಮೇಲೆ ಗೂಬೆ ಕೂರಿಸಬೇಡಿ. ಸಂಖ್ಯೆ ಎಲ್ಲಿಟ್ಟಿದೆ ಎಂದು ಹುಡುಕಿ. 10093 ಎಂಬುದು ಎಲ್ಲ ಮೀಡಿಯಂನವರಿಗೂ ಒಂದೇ.