ಕಾಣದ ಕಾಯಕ: ಡ್ರೈವರ್ ತಂತ್ರಾಂಶದ ಜೀರ್ಣೋದ್ಧಾರ

ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ವರ್ಷವರ್ಷವೂ ಅದರ ಹೂಳೆತ್ತಿದವರ ಹೆಸರು ಉಳಿಯುವುದಿಲ್ಲ. ಯಂತ್ರಗಳ ಒಳಗಿನ ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ಮನೆಗಳ ಹಲವು ಮಕ್ಕಳು ಬೆಂಗಳೂರಿನಲ್ಲಿ ಇಂತಹ ಕೆಲಸದಲ್ಲಿ ತೊಡಗಿದ್ದಾರೆ. ಅಲ್ಲಿ ಅವರು ಮಾಡುವುದೇನೆಂಬುದನ್ನು ಹಿರಿಯರೂ ಅರಿತಿರುವುದು ಒಳ್ಳೆಯದು.

ಮೊಬೈಲ್, ವೈಫೈ ಪೆಟ್ಟಿಗೆ, ಟಿವಿ ಮೊದಲಾದವುಗಳ ಒಳಗೆ ಒಂದೊಂದು ಪುಟ್ಟ ಗಣಕವಿರುತ್ತದೆ. ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಬಹಳಷ್ಟು ಕಡೆ ಲಿನಕ್ಸ್. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಆಂಡ್ರಾಯ್ಡ್ ಫೋನುಗಳ ತಳಹದಿಯೂ ಇದೇ. ಈ ವ್ಯವಸ್ಥೆಗೂ ಯಂತ್ರದ ಬಿಡಿಭಾಗಗಳಿಗೂ ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ತಂತ್ರಾಂಶವೇ ಡ್ರೈವರ್. ಚಿಪ್‌ನಲ್ಲಿ ರಿಜಿಸ್ಟರ್ ಎಂಬ ಕೋಶಗಳಿರುತ್ತವೆ. ಯಾವ ಕೋಶದಲ್ಲಿ ಯಾವ ಸಂಖ್ಯೆ ಬರೆದರೆ ಕ್ಯಾಮೆರಾ ಎಚ್ಚರಗೊಳ್ಳುವುದು, ಪರದೆ ಬೆಳಗುವುದು ಎಂಬುದನ್ನು ಡ್ರೈವರ್ ಬಲ್ಲದು. ಕೆಲಸ ಮುಗಿದಾಗ ಚಿಪ್ ‘ಇಂಟರಪ್ಟ್’ ಎಂಬ ಸಂಕೇತದಿಂದ ಕೂಗಿ ಹೇಳುತ್ತದೆ. ಲಿನಕ್ಸ್ ಕರ್ನೆಲ್‌ನ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂತಹ ಡ್ರೈವರುಗಳೇ.

ಕಂಬ ಬದಲಿಸುವ ಕೆಲಸ

ಹೊರಗಿನ ನಡವಳಿಕೆ ಕೆಡದಂತೆ ಒಳಗಿನ ರಚನೆಯನ್ನು ಶುದ್ಧಗೊಳಿಸುವುದಕ್ಕೆ ರೀಫ್ಯಾಕ್ಟರಿಂಗ್ ಎಂದು ಹೆಸರು. ಜನ ವಾಸವಾಗಿರುವಾಗಲೇ ತೊಲೆಗೆ ಆಸರೆ ಕೊಟ್ಟು ಹಳೆಯ ಮನೆಯ ಕಂಬ ಬದಲಿಸಿದಂತೆ ಇದು.

ಹಳೆಯ ಡ್ರೈವರಿನಲ್ಲಿ ಎರಡು ಆಜ್ಞೆಗಳ ನಡುವೆ ಕೆಲವು ಮಿಲಿಸೆಕೆಂಡುಗಳ ವಿರಾಮವಿದೆ ಎನ್ನೋಣ. ಕಾರಣವನ್ನು ಯಾರೂ ಬರೆದಿಟ್ಟಿಲ್ಲ. ಹೊಸಬನು ಅದನ್ನು ವ್ಯರ್ಥವೆಂದು ತೆಗೆದರೆ ಅವನ ಮೇಜಿನ ಮೇಲೆ ಯಂತ್ರ ಸರಿಯಾಗಿಯೇ ನಡೆಯಬಹುದು. ಬೇರೊಂದು ತಂಡದ ಚಿಪ್ ಇರುವೆಡೆ ಅದು ಎಚ್ಚರಗೊಳ್ಳದೆಯೇ ಹೋಗಬಹುದು. ಕೆಲವು ರಿಜಿಸ್ಟರುಗಳನ್ನು ಓದಿದ ಮಾತ್ರಕ್ಕೆ ಅವುಗಳಲ್ಲಿನ ಸೂಚನೆ ಅಳಿಸಿಹೋಗುತ್ತದೆ. ಹೀಗಾಗಿ ಬಳಸದ ಓದೂ ಅನಗತ್ಯವೆನ್ನಲಾಗದು. ಆದ್ದರಿಂದ ಅನುಭವಿಗಳು ಮೊದಲು ಕಾರಣವನ್ನು ಹುಡುಕುತ್ತಾರೆ, ಬದಲಾವಣೆಯನ್ನು ಚಿಕ್ಕಚಿಕ್ಕ ತುಂಡುಗಳಾಗಿ ಮಾಡುತ್ತಾರೆ, ಪ್ರತಿ ತುಂಡನ್ನೂ ನಿಜವಾದ ಯಂತ್ರದ ಮೇಲೆ ಪರೀಕ್ಷಿಸುತ್ತಾರೆ. ಆಗ ದೋಷ ತಲೆದೋರಿದರೂ ಅದು ಯಾವ ತುಂಡಿನಿಂದ ಬಂದಿತೆಂದು ಗುರುತಿಸಬಹುದು. ನಿನ್ನೆ ನಡೆಯುತ್ತಿದ್ದುದು ಇಂದು ಕೆಡಬಾರದೆಂಬುದು ಲಿನಕ್ಸ್ ಬಳಗದ ಕಟ್ಟುನಿಟ್ಟಿನ ನಿಯಮ.

2011ರ ಪಾಠ

ಆರ್ಮ್ ಜಾತಿಯ ಚಿಪ್‌ಗಳು ಹೆಚ್ಚಿದಾಗ, ಯಾವ ಭಾಗ ಯಾವ ವಿಳಾಸದಲ್ಲಿದೆ ಎಂಬ ವಿವರವನ್ನು ಒಂದೊಂದು ಬೋರ್ಡಿಗೂ ಪ್ರತ್ಯೇಕವಾಗಿ ಕರ್ನೆಲ್‌ನ ಒಳಗೇ ಬರೆಯುತ್ತಿದ್ದರು. ಒಂದೇ ಬಗೆಯ ಬರಹ ನೂರಾರು ಕಡೆ ಬೆಳೆಯಿತು. 2011ರಲ್ಲಿ ಟೋರ್ವಾಲ್ಡ್ಸ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ‘ಡಿವೈಸ್ ಟ್ರೀ’ ಪದ್ಧತಿ ಪರಿಹಾರವಾಯಿತು. ಬೋರ್ಡಿನ ವಿವರವನ್ನು ಬೇರೊಂದು ಕಡತಕ್ಕೆ ಸರಿಸಿದ್ದರಿಂದ ಒಂದೇ ಡ್ರೈವರ್ ಹಲವು ಬೋರ್ಡುಗಳಿಗೆ ಸಾಲತೊಡಗಿತು. ಈ ಪರಿವರ್ತನೆಗೆ ವರ್ಷಗಳೇ ಹಿಡಿದವು.

ಕಾಪಾಡದಿದ್ದರೆ

ಕಳೆದುಕೊಳ್ಳುವುದು ಬಳಸುವವರೇ. ಚಿಪ್ ತಯಾರಕರು ಡ್ರೈವರುಗಳನ್ನು ಕೈಬಿಟ್ಟರೆ ಫೋನು ಹಳೆಯ ಕರ್ನೆಲ್‌ಗೆ ಅಂಟಿಕೊಂಡು, ರಕ್ಷಣೆಯ ತಿದ್ದುಪಡಿಗಳು ನಿಂತು, ಗಟ್ಟಿಮುಟ್ಟಾದ ಯಂತ್ರವೂ ಕಸದ ಬುಟ್ಟಿ ಸೇರುತ್ತದೆ. ಇದು ಅನಿವಾರ್ಯವಲ್ಲ. 2015ರಲ್ಲಿ ಬಂದ ಫೇರ್‌ಫೋನ್ 2ಕ್ಕೆ ಚಿಪ್ ತಯಾರಕರ ಬೆಂಬಲ ನಿಂತ ಮೇಲೂ ನೆದರ್‌ಲೆಂಡ್ಸ್‌ನ ಆ ಸಂಸ್ಥೆ ಪಟ್ಟು ಬಿಡದೆ ದುಡಿದು, 2022ರಲ್ಲಿ ಆಂಡ್ರಾಯ್ಡ್ 10ನ್ನು ಒದಗಿಸಿತು.

ಬಿಡಬೇಕಾದುದನ್ನು ಬಿಡುವುದೂ ಪಾಲನೆಯ ಒಂದು ಅಂಗ. ಬಳಕೆ ತಪ್ಪಿದ ಎಂಟು ಜಾತಿಯ ಪ್ರೊಸೆಸರುಗಳ ಬೆಂಬಲವನ್ನು 2018ರಲ್ಲಿ ಲಿನಕ್ಸ್ 4.17ರಿಂದ ತೆಗೆದುಹಾಕಲಾಯಿತು. ಆದರೆ ಬಳಸುವವರು ಉಳಿದಿರುವರೇ ಎಂದು ವಿಚಾರಿಸದೆ ಯಾವುದನ್ನೂ ಅಳಿಸುವುದು ಸಲ್ಲದು.

ಈ ವೃತ್ತಿಯಲ್ಲಿರುವ ತರುಣ ತರುಣಿಯರು ತಾವು ಮಾಡಿದ ಪ್ರತಿ ತಿದ್ದುಪಡಿಯ ಜೊತೆಗೆ ಅದರ ಕಾರಣವನ್ನೂ ಬರೆದಿಡಲಿ. ಮುಂದೆ ಬರುವವರಿಗೆ ಅದೇ ಊರುಗೋಲು. ಮನೆಯ ಹಿರಿಯರಾದರೂ, ಮಗನೋ ಮಗಳೋ ಹೊಸದೇನನ್ನೂ ಕಟ್ಟಲಿಲ್ಲವೆಂದು ಕೊರಗದಿರಲಿ. ಇದ್ದುದನ್ನು ನಡೆಯುವಂತೆ ಉಳಿಸುವುದೂ ದೊಡ್ಡ ದುಡಿಮೆಯೇ.