ಹಿಂದುಳಿದ ಹುಡುಗನು ದಡ್ಡನೇ?

ಹೊಳಲ್ಕೆರೆಯ ಕಡೆಯ ಹಳ್ಳಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ತೋಟದ ಅಡಿಕೆಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲನು. ಕೇಳಿದ ಕಥೆಯನ್ನು ಸೊಗಸಾಗಿ ಹೇಳಬಲ್ಲನು. ಆದರೆ ಐದನೆಯ ತರಗತಿಗೆ ಬಂದರೂ ಪಾಠದ ಒಂದು ಸಾಲನ್ನು ತಡವರಿಸದೆ ಓದಲಾರನು. ಅವನ ಬರಹದಲ್ಲಿ 'ಅಕ್ಕ' ಎಂಬುದು 'ಅಕ' ಆಗುತ್ತದೆ. ಮನೆಯವರಿಗೆ ಅವನು ಸೋಮಾರಿ, ಶಾಲೆಯವರಿಗೆ ದಡ್ಡ. ಇಂಥ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿಯೂ ಇರಬಹುದು.

ಪ್ರಯೋಗಶಾಲೆಯಲ್ಲಿ ಅಳತೆ ಹೊಂದದಿದ್ದರೆ ನಾವು ಮೊದಲು ಉಪಕರಣದ ಶೂನ್ಯದೋಷವನ್ನು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ಮೊದಲು ಕಣ್ಣು, ಕಿವಿಗಳನ್ನು ಪರೀಕ್ಷಿಸಬೇಕು. ಸಮೀಪದೃಷ್ಟಿಯ ಕಣ್ಣಿನಲ್ಲಿ ದೂರದ ಕರಿಹಲಗೆಯ ಬಿಂಬವು ಅಕ್ಷಿಪಟಲವನ್ನು ತಲಪುವ ಮುನ್ನವೇ ಮೂಡಿಬಿಡುತ್ತದೆ. ಹಲಗೆಯಿಂದ ತಪ್ಪಾಗಿಯೂ ಪುಸ್ತಕದಿಂದ ಸರಿಯಾಗಿಯೂ ನಕಲು ಮಾಡುವ ಮಗುವಿಗೆ ಬೇಕಾದದ್ದು ಬೆತ್ತವಲ್ಲ, ನಿಮ್ನ ಮಸೂರದ ಕನ್ನಡಕ.

ಅನಂತರ ಭಾಷೆ. ಹಿರಿಯೂರಿನ ಕಡೆ ತೆಲುಗು ಮನೆಮಾತಿನವರುಂಟು. ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳೂ ಉಂಟು. ಮನೆಮಾತಿನಲ್ಲಿ ಚುರುಕಾಗಿ ಮಾತನಾಡುವ ಮಗು ಕನ್ನಡಕ್ಕೆ ಹೊಸದು, ಅಷ್ಟೆ. ಅದಕ್ಕೆ ಕಾಲಾವಕಾಶ ಬೇಕು.

ಇವೆಲ್ಲ ಸರಿಯಿದ್ದೂ ಓದು ಬಾರದಿದ್ದರೆ? 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಪರ್ಸಿ ಎಂಬ 14 ವರ್ಷದ ಹುಡುಗನನ್ನು ವರ್ಣಿಸಿದರು. ಅವನ ದೃಷ್ಟಿ ಚೆನ್ನಾಗಿತ್ತು. 78 ಕೋಟಿಗೂ ಮೀರಿದ ಸಂಖ್ಯೆಯನ್ನು ಥಟ್ಟನೆ ಓದಬಲ್ಲವನಾಗಿದ್ದನು. ತನ್ನ ಹೆಸರನ್ನು ಮಾತ್ರ 'ಪ್ರೆಸಿ' ಎಂದು ಬರೆದನು! ಬುದ್ಧಿಗೂ ಓದಿಗೂ ನಡುವಣ ಈ ಅಂತರವನ್ನೇ ಹಿಂದೆ ಮುಖ್ಯವಾದ ಕುರುಹೆಂದು ಎಣಿಸುತ್ತಿದ್ದರು. ಇದಕ್ಕೆ ಇಂದು ಡಿಸ್ಲೆಕ್ಸಿಯ ಎಂಬ ಹೆಸರಿದೆ.

ಆದರೆ ಅವಸರವೂ ಸಲ್ಲದು. ಕಾಗುಣಿತ, ಒತ್ತಕ್ಷರಗಳ ಕನ್ನಡ ಲಿಪಿಯನ್ನು ಪೂರ್ತಿ ಕಲಿಯಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯವರೆಗೆ ಕಾಲ ಹಿಡಿಯುವುದೆಂದು ಸೊನಾಲಿ ನಾಗ್ ಅವರು 2007ರಲ್ಲಿ ತೋರಿಸಿದ್ದಾರೆ. ಎರಡನೆಯ ತರಗತಿಯಲ್ಲಿ ಒತ್ತು ಬಿಟ್ಟ ಮಾತ್ರಕ್ಕೆ ಗಾಬರಿ ಬೇಡ. ತಿಂಗಳುಗಟ್ಟಲೆ ಹೇಳಿಕೊಟ್ಟರೂ ಅದೇ ತಪ್ಪು ಉಳಿದರೆ, ಓದಲು ಹೇಳಿದೊಡನೆ ಮಗುವಿಗೆ ಹೊಟ್ಟೆನೋವು ಬಂದರೆ, ಆಗ ಕಾಯುತ್ತ ಕೂರುವುದು ತಪ್ಪು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪರೀಕ್ಷೆಯುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂಥ ಕಲಿಕೆಯ ತೊಡಕನ್ನೂ ಒಳಗೊಂಡಿದೆ. ಹೊಸದುರ್ಗದಿಂದಾಗಲಿ ಚಿತ್ರದುರ್ಗದಿಂದಾಗಲಿ ಹೊರಡುವವರು ಮಗುವಿನ ಹಳೆಯ ನೋಟುಪುಸ್ತಕಗಳನ್ನು ಜೊತೆಯಲ್ಲಿ ಒಯ್ಯಲಿ. ಯಾವ ತಪ್ಪು ಎಷ್ಟು ಕಾಲದಿಂದ ಮರುಕಳಿಸುತ್ತಿದೆ ಎಂಬುದು ಅವುಗಳಲ್ಲಿಯೇ ಇರುತ್ತದೆ.