ಮನೆಗೆಲಸದವರನ್ನು ಬಿಡಿಸುವಾಗ ನಮ್ಮ ಹೊಣೆ



ಹುತ್ರಿದುರ್ಗದ ಸುತ್ತಲ ಊರುಗಳಲ್ಲಿ ಈಚೆಗೆ ಹಲವು ತೋಟದ ಮನೆಗಳಿಗೆ ಬೀಗ ಬೀಳುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ವಯಸ್ಸಾದ ತಂದೆ ತಾಯಿಯರೂ ಅಲ್ಲಿಗೇ ಹೊರಡುತ್ತಾರೆ. ತೋಟವನ್ನು ಚೇಣಿಗೆ ಕೊಡಲು, ದನ ಮಾರಲು ತಿಂಗಳುಗಟ್ಟಲೆ ಯೋಚಿಸುವವರೂ, ಇಪ್ಪತ್ತು ವರ್ಷ ಕಸಮುಸುರೆ ಮಾಡಿದ ಹೆಂಗಸಿಗೆ “ನಾಳೆಯಿಂದ ಬರಬೇಡಮ್ಮ” ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಆಕೆಗೆ ಕೊಡಬೇಕಾದ್ದೇನು ಎಂದು ಕೆಲವು ಸದಸ್ಯರು ಕೇಳಿದ್ದಾರೆ.

ತೋಟದ ಆಳಿನ ವಿಷಯ ಸ್ಪಷ್ಟ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯು 1947ರ ಕೈಗಾರಿಕಾ ವಿವಾದ ಕಾಯಿದೆಯ ಹಳೆಯ ನಿಯಮವನ್ನೇ ಉಳಿಸಿಕೊಂಡಿದೆ. ವರ್ಷದಲ್ಲಿ 240 ದಿನ ದುಡಿದವನನ್ನು ಕೆಲಸವಿಲ್ಲವೆಂದು ತೆಗೆಯುವುದಾದರೆ, ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲು ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಕೊನೆಗೆ ಸೇರಿದವನನ್ನು ಮೊದಲು ಬಿಡಿಸುವುದು ಸಾಮಾನ್ಯ ಕ್ರಮ.

ಮನೆಗೆಲಸದವರಿಗೆ ಈ ಆಸರೆ ಇಲ್ಲ. ಸಂಹಿತೆಯು ‘ಉದ್ಯಮ’ ಎಂಬುದರಿಂದ ಗೃಹಸೇವೆಯನ್ನು ಹೊರಗಿಟ್ಟಿದೆ. ನಮ್ಮ ರಾಜ್ಯ 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತಾದರೂ, ಅದು ಕೆಲಸದಲ್ಲಿದ್ದಾಗಿನ ಕೂಲಿಯ ಮಾತೇ ಹೊರತು ಬಿಡಿಸುವಾಗಿನ ಪರಿಹಾರದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ 189ನೆಯ ಒಪ್ಪಂದವು, ಕೆಲಸ ಬಿಡಿಸುವ ಷರತ್ತು ಮತ್ತು ನೋಟೀಸಿನ ಅವಧಿಯನ್ನು ಮನೆಗೆಲಸದವರಿಗೆ ಮೊದಲೇ ತಿಳಿಸಬೇಕೆನ್ನುತ್ತದೆ. ಭಾರತ ಅದನ್ನು ಸ್ಥಿರೀಕರಿಸಿಲ್ಲ. ಮನೆಗೆಲಸದವರ ರಕ್ಷಣೆಗೆ ಪ್ರತ್ಯೇಕ ಕಾನೂನು ಬೇಕೇ ಎಂಬುದನ್ನು ಪರಿಶೀಲಿಸಲು ಸಮಿತಿ ನೇಮಿಸುವಂತೆ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು.

ನಮ್ಮ ಕಡೆ ತೊಡಕಿರುವುದು ಎರಡೂ ಕೆಲಸ ಮಾಡುವವರಲ್ಲಿ. ಬೆಳಿಗ್ಗೆ ಪಾತ್ರೆ ತೊಳೆದವಳೇ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾಳೆ. ಅಂಥವರನ್ನು “ಮನೆಯವಳು” ಎಂದು ಕರೆದ ಮಾತ್ರಕ್ಕೆ ಹೊಣೆ ತಪ್ಪದು. ತಕರಾರು ಬಂದರೆ ಆಕೆ ಮುಖ್ಯವಾಗಿ ಯಾವ ಕೆಲಸ ಮಾಡುತ್ತಿದ್ದಳೆಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಆದುದರಿಂದ ಹಾಜರಿ ಪುಸ್ತಕದಲ್ಲಿ ಮನೆ, ತೋಟ ಎಂದು ಬೇರೆ ಬೇರೆ ಬರೆದಿಡುವುದು ಇಬ್ಬರಿಗೂ ಕ್ಷೇಮ.

ಮುಂಗಡದ ವಿಷಯದಲ್ಲಿ ಮಾತ್ರ ಕಾನೂನು ಬಹಳ ಕಟ್ಟುನಿಟ್ಟು. “ಸಾಲ ತೀರಿಸದೆ ಹೋಗಕೂಡದು” ಎಂದು ತಡೆದು ದುಡಿಸಿಕೊಂಡರೆ ಅದು ಜೀತವಾಗುತ್ತದೆ. 1976ರ ಜೀತಪದ್ಧತಿ ರದ್ದು ಕಾಯಿದೆಯಂತೆ ಮೂರು ವರ್ಷದವರೆಗೆ ಸಜೆಯುಂಟು. ಚೇಣಿಗೆ ತೋಟ ಹಿಡಿದವರಿಗೆ ಆಳನ್ನೂ ಅವರ ಸಾಲವನ್ನೂ ಒಟ್ಟಿಗೆ ವಹಿಸಿಕೊಡುವ ಮಾತಂತೂ ಆಡಲೇಬಾರದು.

ಕಾನೂನು ಕೇಳದಿದ್ದರೂ ತೋಟದ ಆಳಿಗಿರುವ ಲೆಕ್ಕವನ್ನೇ ಮನೆಗೆಲಸದವರಿಗೂ ಅನ್ವಯಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ತಿಂಗಳಿಗೆ 4,000 ರೂಪಾಯಿಯಂತೆ ಪ್ರತಿದಿನ ಕೆಲವು ತಾಸು, 12 ವರ್ಷ ದುಡಿದವಳೆಂದುಕೊಳ್ಳಿ. ವರ್ಷಕ್ಕೆ ಅರ್ಧ ತಿಂಗಳ ಸಂಬಳದಂತೆ 24,000, ನೋಟೀಸಿನ ಬದಲು 4,000, ಒಟ್ಟು 28,000 ರೂಪಾಯಿ. ಒಂದೇ ಸಲ ಇದು ಭಾರವೆನಿಸಬಹುದು. ಪ್ರತಿ ವರ್ಷ ಅಡಿಕೆ ಮಾರಿದಾಗ ಆಕೆಯ ಹೆಸರಿನಲ್ಲಿ ಅರ್ಧ ತಿಂಗಳ ಸಂಬಳ ಬ್ಯಾಂಕಿನಲ್ಲಿಟ್ಟು ಬಂದರೆ ಭಾರವೇ ಗೊತ್ತಾಗದು.

ಇನ್ನು ಮೂರು ಮಾತು:

1. ವಿಷಯವನ್ನು ಒಂದು ತಿಂಗಳು ಮುಂಚೆ ಹೇಳಿ. ಬೇರೆ ಕೆಲಸ ಹುಡುಕಲು ನಡುನಡುವೆ ರಜೆ ಕೊಡಿ.

2. ತೋಟದ ಮನೆಯಲ್ಲೇ ವಾಸವಿದ್ದವರಿಗೆ ಬೇರೆ ಸೂರು ಸಿಗುವಷ್ಟು ಕಾಲಾವಕಾಶವಿರಲಿ.

3. ಹಣವನ್ನು ಸಾಕ್ಷಿಯ ಮುಂದೆ ಕೊಟ್ಟು, ಓದಿ ಹೇಳಿ, ರಸೀದಿ ಪಡೆಯಿರಿ. ಎಷ್ಟು ವರ್ಷ ಯಾವ ಕೆಲಸ ಮಾಡಿದರೆಂದು ಒಂದು ಪತ್ರ ಬರೆದುಕೊಡಿ.

ಹೆಚ್ಚಿನ ಸಂದೇಹವಿದ್ದವರು ತುಮಕೂರಿನ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯುವುದು ಒಳ್ಳೆಯದು.

— ಕಾರ್ಯದರ್ಶಿ